ಉಪಾಧ್ಯಕ್ಷ ಅಭ್ಯರ್ಥಿಯಿಂದ ಮತ ಬರುತ್ತದೆಯೇ?

ಭಾರತದ ಉಪರಾಷ್ಟ್ರಪತಿಯನ್ನು ಸಂಸದರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಮತಪತ್ರದಲ್ಲಿ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರು ಜೋಡಿಯಾಗಿಯೇ ಇರುತ್ತವೆ. ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ಬಿಡುವ ಅವಕಾಶ ಮತದಾರನಿಗಿಲ್ಲ. ಜೊತೆಗಾರ ಯಾರಾಗಬೇಕೆಂಬುದು ಇಂದು ಬಹುಮಟ್ಟಿಗೆ ಅಧ್ಯಕ್ಷ ಅಭ್ಯರ್ಥಿಯೊಬ್ಬರದೇ ತೀರ್ಮಾನ. ಆ ತೀರ್ಮಾನಕ್ಕೆ ಚುನಾವಣೆಯನ್ನು ಗೆಲ್ಲಿಸುವ ಶಕ್ತಿ ಇದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಸರಿಯಾದ ಜೊತೆಗಾರ ಗೆಲುವನ್ನೇ ತರಬಲ್ಲ

1960ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಡೆಮಾಕ್ರಟಿಕ್ ಸಮಾವೇಶದಲ್ಲಿ ಜಾನ್ ಕೆನಡಿ ಟೆಕ್ಸಾಸಿನ ಸೆನೆಟರ್ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ಕರೆದಾಗ ಪಕ್ಷದ ಉದಾರವಾದಿಗಳೂ ಕಾರ್ಮಿಕ ನಾಯಕರೂ ಸಿಡಿಮಿಡಿಗೊಂಡರು. ಹಿಂದಿನ ದಿನದವರೆಗೂ ಜಾನ್ಸನ್ ಅಧ್ಯಕ್ಷ ಅಭ್ಯರ್ಥಿಯ ಟಿಕೆಟ್ಟಿಗಾಗಿ ಕೆನಡಿಯವರ ಎದುರು ನಿಂತಿದ್ದವರು. ಆದರೆ ಕೆನಡಿಯವರ ಲೆಕ್ಕ ಬೇರೆಯೇ ಇತ್ತು. ತಾವು ಮ್ಯಾಸಚೂಸೆಟ್ಸ್‌ನ ಶ್ರೀಮಂತ ಮನೆತನದವರು, ಮೇಲಾಗಿ ಕ್ಯಾಥೊಲಿಕರು. ದಕ್ಷಿಣದ ಪ್ರಾಟೆಸ್ಟಂಟ್ ಮತದಾರ ತಮ್ಮನ್ನು ಅನುಮಾನದಿಂದ ನೋಡುತ್ತಾನೆಂಬುದು ಅವರಿಗೆ ಗೊತ್ತಿತ್ತು. ಟೆಕ್ಸಾಸ್ 1952 ಮತ್ತು 1956ರಲ್ಲಿ ಎರಡು ಸಲವೂ ರಿಪಬ್ಲಿಕನ್ ಐಸೆನ್‌ಹೋವರ್ ಪಾಲಾಗಿತ್ತು.

ಜಾನ್ಸನ್ ರೈಲು ಹತ್ತಿ ದಕ್ಷಿಣದ ಊರೂರು ಸುತ್ತಿದರು. ಮತದಾನಕ್ಕೆ ನಾಲ್ಕು ದಿನ ಮೊದಲು, ನವೆಂಬರ್ 4ರಂದು, ಡಲ್ಲಾಸ್‌ನಲ್ಲಿ ಅವರೂ ಪತ್ನಿ ಲೇಡಿ ಬರ್ಡ್ ಅವರೂ ಬೇಕರ್ ಹೋಟೆಲಿನಿಂದ ರಸ್ತೆಯಾಚೆಯ ಅಡಾಲ್ಫಸ್ ಹೋಟೆಲಿಗೆ ಹೋಗಬೇಕಿತ್ತು. ಜಾನ್ಸನ್ ಉತ್ತರದವರಿಗೆ ಮಾರಾಟವಾದರೆಂಬ ಅರ್ಥದ ಫಲಕ ಹಿಡಿದ ರಿಪಬ್ಲಿಕನ್ ಬೆಂಬಲಿಗರು, ಅವರಲ್ಲೂ ಹೆಚ್ಚಾಗಿ ಒಳ್ಳೆಯ ಉಡುಪು ತೊಟ್ಟ ಸ್ಥಿತಿವಂತ ಮಹಿಳೆಯರು, ಅವರನ್ನು ಸುತ್ತುವರಿದು ಕೂಗಾಡಿದರು, ಉಗುಳಿದರು. ನಿಮಿಷದೊಳಗೆ ದಾಟಬಹುದಾದ ಆ ದೂರಕ್ಕೆ ಅರ್ಧ ಗಂಟೆಯಷ್ಟು ಹಿಡಿಯಿತು. ಜಾನ್ಸನ್ ಆತುರ ತೋರಲಿಲ್ಲ. ಕ್ಯಾಮೆರಾಗಳು ಅಲ್ಲಿದ್ದವೆಂಬುದನ್ನು ಅವರಂಥ ಪಳಗಿದ ರಾಜಕಾರಣಿ ಮರೆತಿರಲಾರರು. ತಮ್ಮ ಕಡೆಯ ಹೆಣ್ಣುಮಗಳೊಬ್ಬಳನ್ನು ಹೀಗೆ ನಡೆಸಿಕೊಂಡದ್ದನ್ನು ದಕ್ಷಿಣದ ಜನ ಪತ್ರಿಕೆಗಳಲ್ಲಿ ಓದಿದರು, ಟಿವಿಯಲ್ಲಿ ಕಂಡರು.

ಕೆನಡಿ ಟೆಕ್ಸಾಸನ್ನು ಸುಮಾರು 46 ಸಾವಿರ ಮತಗಳಿಂದ ಗೆದ್ದರು. ಅಮೆರಿಕದಲ್ಲಿ ಅಧ್ಯಕ್ಷರನ್ನು ತೀರ್ಮಾನಿಸುವುದು ರಾಜ್ಯಗಳಿಗೆ ಹಂಚಿದ ಎಲೆಕ್ಟೋರಲ್ ಮತಗಳು; ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಅಲ್ಲಿನ ಅಷ್ಟೂ ಮತ ಸೇರುತ್ತವೆ. ಕೆನಡಿ ಪಡೆದ ಒಟ್ಟು 303ರಲ್ಲಿ ಟೆಕ್ಸಾಸಿನ 24ನ್ನು ಕಳೆದರೂ 279 ಉಳಿಯುತ್ತವೆ, ಆಗ ಬಹುಮತಕ್ಕೆ 269 ಸಾಕಿತ್ತು ಎಂದು ವಿರೋಧಿಗಳು ಹೇಳಬಹುದು. ಆದರೆ ಜಾನ್ಸನ್ ಅವರನ್ನು ಕರೆತಂದದ್ದು ಟೆಕ್ಸಾಸ್ ಒಂದಕ್ಕಾಗಿ ಅಲ್ಲ, ಇಡೀ ದಕ್ಷಿಣಕ್ಕಾಗಿ. ಟೆಕ್ಸಾಸಿನೊಂದಿಗೆ ಎರಡು ಕ್ಯಾರೊಲಿನಾಗಳ 22 ಮತಗಳೂ ಹೋಗಿದ್ದರೆ ಕೆನಡಿ 257ಕ್ಕೆ ಇಳಿಯುತ್ತಿದ್ದರು.

ನಮ್ಮಲ್ಲಿ ಉಪಮುಖ್ಯಮಂತ್ರಿ ಸ್ಥಾನ ಹಂಚುವಾಗ ನಡೆಯುವ ಜಾತಿ ಮತ್ತು ಪ್ರದೇಶದ ಲೆಕ್ಕಾಚಾರ ಬಲ್ಲವರಿಗೆ ಇದು ಹೊಸದೇನಲ್ಲ. ಅಮೆರಿಕದಲ್ಲಿ ಅದು ಮತದಾನಕ್ಕೆ ಮುಂಚೆಯೇ, ಎಲ್ಲರ ಕಣ್ಣೆದುರು ನಡೆಯುತ್ತದೆ. ತೂಗಿಸಬೇಕಾದದ್ದು ಸದಾ ರಾಜ್ಯವೇ ಆಗಿರಬೇಕಿಲ್ಲ. 2008ರಲ್ಲಿ ಅನುಭವ ಕಡಿಮೆಯೆಂಬ ಮಾತು ಕೇಳುತ್ತಿದ್ದ ಒಬಾಮಾ ಅವರಿಗೆ ಮೂರೂವರೆ ದಶಕ ಸೆನೆಟ್‌ನಲ್ಲಿದ್ದ ಬೈಡನ್ ಬೇಕಾದರು. ಮೂರು ಮದುವೆಯಾಗಿ ಕ್ಯಾಸಿನೊ ನಡೆಸಿದ್ದ ಟ್ರಂಪ್ 2016ರಲ್ಲಿ ಇವಾಂಜೆಲಿಕಲ್ (ಬೈಬಲ್‌ಗೆ ನಿಷ್ಠರಾದ ಸಂಪ್ರದಾಯವಾದಿ) ಕ್ರೈಸ್ತರ ವಿಶ್ವಾಸ ಗಳಿಸಲು ಅವರಲ್ಲೊಬ್ಬರಾದ ಮೈಕ್ ಪೆನ್ಸ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಫಲಿತಾಂಶ ಕೂದಲೆಳೆಯ ಅಂತರದಲ್ಲಿ ನಿಲ್ಲುವಾಗ ಇಂಥ ಭರವಸೆಯಿಂದ ಮನೆ ಬಿಟ್ಟು ಮತಗಟ್ಟೆಗೆ ಬರುವ ಕೆಲವೇ ಸಾವಿರ ಜನ ಸಾಕು. 2000ರಲ್ಲಿ ಚುನಾವಣೆಯನ್ನೇ ನಿರ್ಧರಿಸಿದ ಫ್ಲಾರಿಡಾದ ಅಂತರ 537 ಮತಗಳಷ್ಟೇ ಆಗಿತ್ತು.

ವಿರೋಧ: ಟೆಕ್ಸಾಸಿನ ಲೆಕ್ಕವನ್ನು ಪೂರ್ತಿ ಓದಿ

1960ರ ಟೆಕ್ಸಾಸ್ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿಯಿದೆ. ರಾಜ್ಯದ ಕಾನೂನನ್ನು ಮೊದಲೇ ತಿದ್ದಿಸಿಕೊಂಡಿದ್ದ ಜಾನ್ಸನ್ ಅದೇ ದಿನ ಅದೇ ಮತದಾರರೆದುರು ಸೆನೆಟ್ ಸ್ಥಾನಕ್ಕೂ ನಿಂತಿದ್ದರು. ಸೆನೆಟ್‌ಗೆ ಅವರಿಗೆ ಬಿದ್ದದ್ದು ಶೇಕಡಾ 58ರಷ್ಟು ಮತ. ಕೆನಡಿ-ಜಾನ್ಸನ್ ಜೋಡಿಗೆ ಬಿದ್ದದ್ದು ಶೇಕಡಾ 50.5. ಅಂದರೆ ತಮ್ಮ ಊರಿನ ಜಾನ್ಸನ್ ಅವರನ್ನು ಮೆಚ್ಚಿ ಸೆನೆಟ್‌ಗೆ ಮತ ಹಾಕಿದವರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ, ಅವರ ಹೆಸರಿದ್ದರೂ, ಕೆನಡಿಯವರಿಗೆ ಮತ ಕೊಡಲಿಲ್ಲ. ಕ್ಯಾರೊಲಿನಾಗಳ ವಾದವೂ ಗಟ್ಟಿಯಲ್ಲ: ಐಸೆನ್‌ಹೋವರ್ ಅಲೆಯಿದ್ದ ಎರಡು ಚುನಾವಣೆಗಳಲ್ಲೂ ಆ ಎರಡು ರಾಜ್ಯಗಳು ಡೆಮಾಕ್ರಟಿಕ್ ಪಕ್ಷದ ಕೈ ಬಿಟ್ಟಿರಲಿಲ್ಲ.

ಇನ್ನು 1988ಕ್ಕೆ ಬನ್ನಿ. ಮ್ಯಾಸಚೂಸೆಟ್ಸ್‌ನ ಗವರ್ನರ್ ಮೈಕಲ್ ಡುಕಾಕಿಸ್ ಅದೇ ದಾಳವನ್ನು ಮತ್ತೆ ಉರುಳಿಸಿ ಟೆಕ್ಸಾಸಿನ ಸೆನೆಟರ್ ಲಾಯ್ಡ್ ಬೆಂಟ್ಸನ್ ಅವರನ್ನು ಆರಿಸಿಕೊಂಡರು. ಬೆಂಟ್ಸನ್ ಕೂಡ ಅದೇ ಕಾನೂನಿನ ಬಲದಿಂದ ಎರಡೂ ಕಡೆ ನಿಂತರು. ಸೆನೆಟ್‌ಗೆ ಅವರು ಶೇಕಡಾ 59ರಷ್ಟು ಮತ ಪಡೆದು ಗೆದ್ದರೆ, ಡುಕಾಕಿಸ್ ಜೋಡಿ ಟೆಕ್ಸಾಸಿನಲ್ಲಿ ಶೇಕಡಾ 43ರ ಆಸುಪಾಸಿನಲ್ಲಿ ನಿಂತು ಸೋತಿತು. ಎದುರಾಳಿ ಜಾರ್ಜ್ ಬುಷ್ ಟೆಕ್ಸಾಸಿನಲ್ಲೇ ನೆಲೆ ನಿಂತವರೆಂಬುದು ನಿಜ. ಆದರೂ ಹದಿನಾರು ಅಂಶಗಳ ಈ ಕಂದಕ ಹೇಳುವುದು ಒಂದೇ: ಜನ ಜೊತೆಗಾರನನ್ನು ಇಷ್ಟಪಡುತ್ತಾರೆ, ಮತವನ್ನು ಮಾತ್ರ ಅಧ್ಯಕ್ಷನಾಗುವವನ ಮುಖ ನೋಡಿಯೇ ಹಾಕುತ್ತಾರೆ. ಅದೇ ವರ್ಷದ ಚರ್ಚೆಯಲ್ಲಿ ಬೆಂಟ್ಸನ್, ತಮ್ಮ ಅನುಭವವನ್ನು ಕೆನಡಿಯವರ ಅನುಭವಕ್ಕೆ ಹೋಲಿಸಿಕೊಂಡ ಬುಷ್ ಅವರ ಜೊತೆಗಾರ ಡ್ಯಾನ್ ಕ್ವೇಲ್ ಅವರಿಗೆ ‘ನೀವು ಕೆನಡಿಯಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದು ಇಂದಿಗೂ ನೆನಪಿಸಿಕೊಳ್ಳುವ ಮಾತು. ಆದರೂ ಬುಷ್ ಮತ್ತು ಕ್ವೇಲ್ 40 ರಾಜ್ಯಗಳನ್ನು ಗೆದ್ದರು.

ವರ್ಗವನ್ನೋ ಲಿಂಗವನ್ನೋ ನೋಡಿ ಆರಿಸಿದಾಗಲೂ ಫಲ ಬೇರೆಯಾಗಿಲ್ಲ. 1984ರಲ್ಲಿ ವಾಲ್ಟರ್ ಮಾಂಡೇಲ್ ಪ್ರಮುಖ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೆರಾಲ್ಡಿನ್ ಫೆರಾರೊ ಅವರನ್ನು ತಂದರು. ಮಹಿಳೆಯರಲ್ಲೂ ಹೆಚ್ಚಿನವರು ರೇಗನ್‌ಗೆ ಮತ ಹಾಕಿದರು, ಮಾಂಡೇಲ್‌ಗೆ ಉಳಿದದ್ದು ತಮ್ಮ ಮಿನ್ನೆಸೋಟ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. 2024ರಲ್ಲಿ ಕಮಲಾ ಹ್ಯಾರಿಸ್ ಪೆನ್ಸಿಲ್ವೇನಿಯಾದ ಜನಪ್ರಿಯ ಗವರ್ನರ್ ಜಾಶ್ ಶಪಿರೊ ಅವರನ್ನು ಬಿಟ್ಟು ಮಿನ್ನೆಸೋಟದ ಟಿಮ್ ವಾಲ್ಜ್ ಅವರನ್ನು ಆರಿಸಿದ್ದೇ ಸೋಲಿಗೆ ಕಾರಣವೆಂದು ಹೇಳುವವರು ಅಂಕಗಣಿತವನ್ನೊಮ್ಮೆ ನೋಡಬೇಕು. ಹ್ಯಾರಿಸ್ ಪಡೆದ 226 ಎಲೆಕ್ಟೋರಲ್ ಮತಗಳಿಗೆ ಪೆನ್ಸಿಲ್ವೇನಿಯಾದ 19 ಸೇರಿಸಿದರೂ 245, ಬೇಕಿದ್ದದ್ದು 270.

ಜೊತೆಗಾರನಿಂದ ನಷ್ಟವಾಗುವುದು ಮಾತ್ರ ಸುಲಭ. 1972ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಆತುರದಲ್ಲಿ ಆರಿಸಿದ ಥಾಮಸ್ ಈಗಲ್ಟನ್ ಖಿನ್ನತೆಗಾಗಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದರೆಂಬುದು ಹೊರಬಿತ್ತು. ಮೆಕ್‌ಗವರ್ನ್ ಮೊದಲು ಸಂಪೂರ್ಣ ಬೆಂಬಲ ಘೋಷಿಸಿ, ಮೂರು ವಾರ ತುಂಬುವ ಮೊದಲೇ ಅವರನ್ನು ಕೈಬಿಟ್ಟರು. ಚಿಕಿತ್ಸೆಗಿಂತ ಹೆಚ್ಚು ಕೆಡುಕು ಮಾಡಿದ್ದು ಈ ಹೊಯ್ದಾಟ ಎಂಬುದು ನನ್ನ ಅಭಿಪ್ರಾಯ. ಮತದಾರರು ಅಳೆದದ್ದು ಈಗಲ್ಟನ್ ಅವರನ್ನಲ್ಲ, ಮೆಕ್‌ಗವರ್ನ್ ಅವರ ವಿವೇಚನೆಯನ್ನು.

ಮತದ ಲೆಕ್ಕ ಹಾಕುವವರು ಆ ಹುದ್ದೆ ಇರುವುದೇತಕ್ಕೆಂಬುದನ್ನು ಬದಿಗಿಡುತ್ತಾರೆ. ಒಂಬತ್ತು ಉಪಾಧ್ಯಕ್ಷರು ಅಧ್ಯಕ್ಷರ ಸಾವು ಅಥವಾ ರಾಜೀನಾಮೆಯಿಂದ ನೇರ ಅಧ್ಯಕ್ಷರಾಗಿದ್ದಾರೆ. 1944ರಲ್ಲಿ ಪಕ್ಷದ ಬಣಗಳ ನಡುವಿನ ರಾಜಿಯಾಗಿ ಹ್ಯಾರಿ ಟ್ರೂಮನ್ ಆಗಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಜೊತೆಗಾರರಾಗಿ ಆಯ್ಕೆಯಾದರು. ರೂಸ್‌ವೆಲ್ಟ್ ಆ ಹೊತ್ತಿಗಾಗಲೇ ಕಾಯಿಲೆಯವರು; ನಾಲ್ಕನೆಯ ಅವಧಿಗೆ ಮೂರು ತಿಂಗಳು ತುಂಬುವ ಮುನ್ನ ತೀರಿಕೊಂಡರು. ಪರಮಾಣು ಬಾಂಬಿನ ಯೋಜನೆ ಏನೆಂದು ಟ್ರೂಮನ್‌ಗೆ ಪೂರ್ಣವಾಗಿ ತಿಳಿಸಿದ್ದು ಅವರು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೆ.