ಮೂರು ಕಾಲಿನ ಬಡಿಸೋನು

ವಿಯೆನ್ನಾದಲ್ಲಿ ಮರಿಯಾ ತೆರೇಸಾ ರಾಣಿ ಪ್ರತಿಮೆ ಇದೆಯಲ್ಲ, ಅದರ ಎರಡೂ ಪಕ್ಕ ಅವಳಿ-ಜವಳಿ ಥರ ಎರಡು ದೊಡ್ಡ ಬಿಲ್ಡಿಂಗು. ಒಂದರಲ್ಲಿ ಕಲ್ಲು, ಮೂಳೆ, ಡೈನೋಸಾರ್. ಇನ್ನೊಂದು 1891ರಲ್ಲಿ ಶುರುವಾದ ಕಲಾ ಮ್ಯೂಸಿಯಂ, ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ರಾಜರು ತಲೆತಲಾಂತರದಿಂದ ಕೂಡಿಟ್ಟ ಪೇಂಟಿಂಗೆಲ್ಲ ಇರೋದು ಅಲ್ಲಿ. ಇಷ್ಟನ್ನೂ ಮೆಟ್ರೋದಲ್ಲಿ ಅಮ್ಮನಿಗೆ ವಿವರವಾಗಿ ಹೇಳಿದ್ದು ನಾನೇ, ಇಳಿದು ಸೀದಾ ಹೋಗಿ ಡೈನೋಸಾರ್ ಕ್ಯೂನಲ್ಲಿ ನಿಂತಿದ್ದೂ ನಾನೇ. ಇಪ್ಪತ್ತು ನಿಮಿಷ ಚಳೀಲಿ ನಡುಗಿ ಬಾಗಿಲಿಗೆ ತಲುಪಿ ಫೋನಲ್ಲಿ ಟಿಕೆಟ್ ತೋರಿಸಿದ್ರೆ, ಆಯಪ್ಪ ಬಾಯೇ ಬಿಡದೆ ಎದುರುಗಡೆ ಕೈ ತೋರ್ಸ್ದ.

"ಹೊರಗೆ ಆನೆಮರಿ ನಿಲ್ಸಿದ್ರಲ್ಲೋ, ಚಿತ್ರ ನೋಡೋ ಜಾಗದಲ್ಲಿ ಆನೆ ಯಾಕೆ ಅಂತ ನಾನು ಆಗ್ಲೇ ಅನ್ಕೊಂಡೆ" ಅಂದ್ಳು ಅಮ್ಮ. ಅನ್ಕೊಂಡೋಳು ಬಾಯಿಬಿಟ್ಟು ಹೇಳ್ಬಾರ್ದಿತ್ತಾ!

ಸರಿಯಾದ ಬಿಲ್ಡಿಂಗ್‌ನಲ್ಲಿ ಬ್ಯಾಗ್ ಲಾಕರ್‌ಗೆ ಹಾಕ್ಬೇಕು ಅಂದಾಗ ಅಮ್ಮನ ಮುಖ ಸಣ್ಣಗಾಯ್ತು, ಪುಳಿಯೋಗರೆ ಡಬ್ಬಿ ಅದರಲ್ಲೇ ಇತ್ತು. ಮೆಟ್ಟಿಲ ಮೇಲೆ ಕಂಬಗಳ ಸಂದೀಲಿ ಕ್ಲಿಮ್ಟ್ ಅನ್ನೋ ಹೆಸರಾಂತ ಪೇಂಟರ್ ಬರೆದಿದ್ದು ಇದೆ, ಕತ್ತೆತ್ತಿ ನೋಡಮ್ಮ ಅಂದ್ರೆ "ಕತ್ತು ಹಿಡ್ಕೊಳತ್ತೆ ಬಾರೋ" ಅಂತ ಮುಂದೆ ಹೋದ್ಳು.

ಅವಳು ನಿಂತಿದ್ದು ಬ್ರೂಗಲ್ ಅನ್ನೋ ಹದಿನಾರನೇ ಶತಮಾನದ ಪೇಂಟರ್‌ನ ಹಾಲ್‌ನಲ್ಲಿ. ಅವನ ಪೇಂಟಿಂಗು ಇಲ್ಲಿರೋದು 12, ಜಗತ್ತಲ್ಲಿ ಬೇರೆಲ್ಲೂ ಒಂದೇ ಕಡೆ ಇಷ್ಟಿಲ್ಲ. ನಾನು ಅವನು 1563ರಲ್ಲಿ ಬರೆದ, ಬೈಬಲ್ ಕಥೆಯ ಬೇಬೆಲ್ ಗೋಪುರದ ಚಿತ್ರದ ಬಗ್ಗೆ ಓದ್ಕೊಂಡು ಬಂದಿದ್ದನ್ನೆಲ್ಲ ಒದರ್ತಾ ಇದ್ರೆ ಅಮ್ಮ ರೈತರ ಮದುವೆ ಊಟದ ಚಿತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿದಾಳೆ, ನಮ್ಮನೆ ಮದುವೇಲಿ ಅಡುಗೆಭಟ್ರ ಹಿಂದೆ ನಿಲ್ಲೋ ಥರಾನೇ. "ನೋಡೋ, ತಟ್ಟೆ ಸಾಲದೆ ಬಾಗಿಲೇ ಕಿತ್ಕೊಂಡು ಅದರ ಮೇಲೆ ಗಂಜಿ ಹೊತ್ಕೊಂಡು ಬಂದಿದಾರೆ. ಓಲಗದೋನು ಊದೋದು ಬಿಟ್ಟು ಊಟಾನೇ ನೋಡ್ತಿದಾನೆ, ಪಾಪ ಬೆಳಿಗ್ಗೆಯಿಂದ ಏನೂ ಕೊಟ್ಟಿಲ್ಲ ಅನ್ಸತ್ತೆ. ಹೆಣ್ಣು ಇಲ್ಲಿ ಕೂತಿದಾಳೆ, ಗಂಡೆಲ್ಲೋ?" ಗಂಡು ಯಾರು ಅಂತ ಪಂಡಿತರೇ ಇನ್ನೂ ಜಗಳ ಆಡ್ತಿದಾರಮ್ಮ ಅಂದೆ. ಕೆಳಗೆ ಕೂತು ಬೆರಳು ಚೀಪ್ತಿರೋ, ಮುಖ ಮುಚ್ಚೋವಷ್ಟು ದೊಡ್ಡ ಟೋಪಿ ಹಾಕಿರೋ ಮಗು ಥೇಟ್ ನಾನಂತೆ.

"ಏ, ಈ ಬಡಿಸೋನಿಗೆ ಮೂರು ಕಾಲು!"

ಬಾಗಿಲಿನ ಅಡೀಲಿ ನಿಜವಾಗ್ಲೂ ಒಂದು ಪಾದ ಜಾಸ್ತಿ ಇದೆ. ನಾನು ಎಣಿಸೋಕೆ ಅಂತ ಬೆರಳು ಚಾಚಿ ಬಗ್ಗಿದೆ ನೋಡಿ, ಕೀಂಯ್ ಅಂತ ಅಲಾರಂ, ಇಡೀ ಹಾಲ್ ತಿರುಗಿ ನನ್ನನ್ನೇ ನೋಡ್ತು, ಗಾರ್ಡಮ್ಮ "ಬಿಟ್ಟೆ! ಬಿಟ್ಟೆ!" ಅಂತ ಓಡಿ ಬಂದ್ಳು. ಜರ್ಮನ್‌ನಲ್ಲಿ ಅದು ದಯವಿಟ್ಟು ಅಂತ, ಆದ್ರೆ ಅಮ್ಮ "ಅವಳು ಬಿಟ್ಟೆ ಅಂತಿದಾಳಲ್ಲ, ಮತ್ಯಾಕೆ ಹೆದರ್ತೀಯ" ಅಂತ ಆರಾಮಾಗಿ ಮುಂದಿನ ಚಿತ್ರಕ್ಕೆ ಹೋದ್ಳು.

ರಾಣಿ ಪ್ರತಿಮೆ ಕೆಳಗೆ ಕೂತು ತಣ್ಣಗಾದ ಪುಳಿಯೋಗರೆ ತಿಂದ್ವಿ. ರಾತ್ರಿ ಚಿಕ್ಕಮ್ಮನಿಗೆ ಫೋನಲ್ಲಿ ಹೇಳ್ತಿದ್ದದ್ದು ಕೇಳಿಸ್ತು: "ಮೂರನೇ ಕಾಲು ಕಂಡುಹಿಡಿದಿದ್ದು ನಾನೇ ಕಣೇ. ಇವನು ಅಲಾರಂ ಹೊಡೆಸ್ದ ಅಷ್ಟೇ."