ಎಂಟು ಅಂದ್ರೆ ಎಂಟು ಬುಟ್ಟಿ

ಕ್ಯಾಲಿಫೋರ್ನಿಯಾದ ಎಷ್ಟೋ ಸಣ್ಣ ಚೀನೀ ಹೋಟೆಲುಗಳಲ್ಲಿ ಒಂದು ನಿಯಮ ಇದೆ. ಗುಂಪಿನವರೆಲ್ಲ ಬಾಗಿಲ ಹತ್ತಿರ ಬಂದು ನಿಲ್ಲುವ ತನಕ ಟೇಬಲ್ ಕೊಡುವುದಿಲ್ಲ. ಐದು ಜನ ಬಂದಿದ್ದೀವಿ, ಇನ್ನೊಬ್ಬರು ಕಾರು ನಿಲ್ಲಿಸ್ತಿದ್ದಾರೆ ಅಂದರೂ ಕೇಳುವುದಿಲ್ಲ. ನಿಮ್ಮ ಹೆಸರು ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ, ನಿಮ್ಮ ಹಿಂದೆ ಇದ್ದವರು ನಿಮ್ಮ ಮುಖ ನೋಡದೆ ಒಳಗೆ ಹೋಗುತ್ತಾರೆ. ಈ ನಿಯಮವನ್ನು ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರಬೇಕು ಅಂತ ನನ್ನ ಅನುಮಾನ. "ಹೊರಟ್ವಿ, ದಾರೀಲಿದ್ದೀವಿ" ಅಂತ ಬಚ್ಚಲುಮನೆಯಿಂದ ಫೋನ್ ಮಾಡುವವರು ನಾವೇ ತಾನೇ?

ಮಿಲ್ಪಿಟಾಸ್‌ನ ಒಂದು ಅಂಗಡಿ ಸಾಲಿನಲ್ಲಿ ಅಂಥದೊಂದು ಹೋಟೆಲಿದೆ. ಸೂಪ್ ಡಂಪ್ಲಿಂಗ್‌ಗೆ ಹೆಸರುವಾಸಿ. ಚೀನಾದಲ್ಲಿ ಇದನ್ನು ಶಾವ್‌ಲಾಂಗ್‌ಬಾವ್ ಅನ್ನುತ್ತಾರೆ. ತೆಳ್ಳಗಿನ ಹಿಟ್ಟಿನ ಚೀಲ, ಒಳಗೆ ಹಂದಿ ಮಾಂಸದ ಉಂಡೆ, ಅದರ ಸುತ್ತ ಕುದಿಯುವ ಸೂಪು. ಹೋದವರು ನಾನು, ಶುದ್ಧ ಸಸ್ಯಾಹಾರಿಯಾದ ನನ್ನ ಹೆಂಡತಿ, ನಮ್ಮ ಕೊಡಗಿನ ಗೆಳೆಯ, ಅವನ ಹೆಂಡತಿ, ಮಗ, ಮತ್ತೆ ವಿರಾಜಪೇಟೆ ಕಡೆಯ ತೋಟದಿಂದ ಬಂದಿದ್ದ ಅವನ ತಂದೆ, ನಮಗೆ ಅಂಕಲ್. ಸಸ್ಯಾಹಾರಿಯನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋದಿರಿ ಅಂತ ಕೇಳಬೇಡಿ. ಮನೆಯಲ್ಲಿ ಬಿಟ್ಟು ಹೋಗಿದ್ದರೆ ಬೇರೆಯೇ ಲೇಖನ ಬರೆಯಬೇಕಾಗುತ್ತಿತ್ತು.

ಗೆಳೆಯನ ಮಗ ಶೂ ಹುಡುಕುತ್ತಾ ತಡಮಾಡಿದ್ದರಿಂದ ನಮ್ಮ ಹೆಸರು ಎರಡು ಸಲ ಜಾರಿತು. ಅಷ್ಟು ಹೊತ್ತೂ ಗಾಜಿನ ಆಚೆ ಡಂಪ್ಲಿಂಗ್ ಮಡಚುವವರನ್ನು ನೋಡುತ್ತಾ ನಿಂತೆವು. ಅವರ ಬೆರಳುಗಳು ಓಡುವ ಓಟಕ್ಕೆ ನಮ್ಮ ಹಸಿವು ಇನ್ನೂ ಜಾಸ್ತಿಯಾಯಿತು. ಒಳಗೆ ಹೋಗಿ ಕೂತಾಗ ಕೈಗೆ ಒಂದು ಕಾಗದ, ಮೋಟು ಪೆನ್ಸಿಲು ಬಂತು. ತಿಂಡಿಯ ಹೆಸರಿನ ಮುಂದೆ ಎಷ್ಟು ಬೇಕೋ ಬರೆದು ಕೊಡಬೇಕು. ಪೆನ್ಸಿಲ್ ಗೆಳೆಯನ ಕೈಗೆ ಹೋಯಿತು. ಅವನು ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವನು. "ಹಂದಿ ತಿನ್ನೋರು ನಾಲ್ಕು ಜನ, ತಲೆಗೆ ಎರಡು, ಒಟ್ಟು ಎಂಟು" ಅಂದ. ಮಗನಿಗೆ ನೂಡಲ್ಸ್ ಸಾಕಂತೆ. ಎಂಟು ಅಂತ ಬರೆದ.

ಆರ್ಡರ್ ತೆಗೆದುಕೊಳ್ಳಲು ಬಂದ ಹೆಂಗಸು ಕಾಗದ ನೋಡಿದರು, ನಮ್ಮನ್ನು ನೋಡಿದರು. "ಎಂಟು?" ಅಂತ ಕೇಳಿದರು. ಗೆಳೆಯ ತಲೆಯಾಡಿಸಿದ. "ಎಂಟು?" ಅಂತ ಇನ್ನೊಮ್ಮೆ, ಈ ಸಲ ಬೆರಳು ತೋರಿಸಿ. ಅವನು ಇನ್ನೂ ಗಟ್ಟಿಯಾಗಿ ತಲೆಯಾಡಿಸಿದ. ಲೆಕ್ಕದವರನ್ನು ಎರಡು ಸಲ ಕೇಳಬಾರದು, ಮೊಂಡು ಬಿದ್ದುಬಿಡುತ್ತಾರೆ.

ಈ ನಡುವೆ ನನ್ನ ಹೆಂಡತಿಯ ವಿಚಾರಣೆ ನಡೆಯಿತು. "ಬೀನ್ಸ್ ಪಲ್ಯದಲ್ಲಿ ಮಾಂಸ ಇದೆಯಾ?" "ಇಲ್ಲ ಇಲ್ಲ, ಸ್ವಲ್ಪವೇ." ಸಿಚುವಾನ್ ಕಡೆಯ ಆ ಹುರಿದ ಬೀನ್ಸ್‌ಗೆ ಹಂದಿ ಕೈಮಾ ಹಾಕುವುದು ಹಳೆಯ ಪದ್ಧತಿ. ಅವರ ಮಟ್ಟಿಗೆ ಅದು ಮಾಂಸವಲ್ಲ, ಒಗ್ಗರಣೆ. ಮಾಪೋ ತೋಫುವಿನದೂ ಇದೇ ಕತೆ. ತೋಫು ಅಂದಮೇಲೆ ಸಸ್ಯಾಹಾರ ಅಂತ ನಂಬಿ ಕೆಟ್ಟವರು ಬಹಳ ಮಂದಿ. ಕೊನೆಗೆ ಅವಳು ಬೆಳ್ಳುಳ್ಳಿ ಹಾಕಿ ಕಲಸಿದ ತಣ್ಣನೆಯ ಸೌತೆಕಾಯಿ ಆರಿಸಿಕೊಂಡಳು. ಅದು ಒಲೆಯನ್ನೇ ಮುಟ್ಟುವುದಿಲ್ಲ, ಹಾಗಾಗಿ ಹಂದಿಯನ್ನೂ ಮುಟ್ಟಿರುವುದಿಲ್ಲ ಅನ್ನುವುದು ಅವಳ ತರ್ಕ. ತಟ್ಟೆ ಬಂದ ಕೂಡಲೇ ತನ್ನ ಹತ್ತಿರ ಎಳೆದುಕೊಂಡು ಸುತ್ತ ಕೈ ಅಡ್ಡ ಇಟ್ಟುಕೊಂಡಳು.

ಆಮೇಲೆ ಬಿದಿರಿನ ಬುಟ್ಟಿಗಳು ಬಂದವು. ನಾಲ್ಕರ ಮೇಲೆ ನಾಲ್ಕು, ಎರಡು ಗೋಪುರ. ಒಂದೊಂದು ಬುಟ್ಟಿಯಲ್ಲಿ ಹತ್ತು. ಗೋಪುರದ ಆಚೆ ಕೂತಿದ್ದ ಗೆಳೆಯನ ಹೆಂಡತಿ ನಮಗೆ ಕಾಣಿಸದಾದರು. ಆದರೆ ಧ್ವನಿ ಕೇಳಿಸುತ್ತಿತ್ತು. ಅವರು ಗಂಡನ ಓದಿನ ಬಗ್ಗೆ ಏನೋ ಅನ್ನುತ್ತಿದ್ದರು.

ಎಂಬತ್ತು ಡಂಪ್ಲಿಂಗನ್ನು ನಾಲ್ಕು ಜನ ತಿನ್ನುವುದರಲ್ಲಿ ಕಷ್ಟ ಏನೆಂದರೆ, ಇದು ಬೇಗ ತಿನ್ನಲೂ ಬಿಡುವುದಿಲ್ಲ, ನಿಧಾನಕ್ಕೂ ಬಿಡುವುದಿಲ್ಲ. ಬಿಸಿಯಲ್ಲಿ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುತ್ತದೆ. ಆರಲಿ ಅಂತ ಬಿಟ್ಟರೆ ತಳ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಎತ್ತಿದರೆ ತಳ ಅಲ್ಲೇ ಉಳಿದು ಸೂಪೆಲ್ಲ ಬುಟ್ಟಿಯ ಪಾಲು. ಮೇಲಿನ ಜುಟ್ಟು ಹಿಡಿದು ಮೆಲ್ಲಗೆ ಎತ್ತಬೇಕು, ಚಮಚದಲ್ಲಿ ಕೂರಿಸಬೇಕು, ಪಕ್ಕದಲ್ಲಿ ಸಣ್ಣದಾಗಿ ಕಚ್ಚಿ ಆವಿ ಬಿಡಬೇಕು, ಸೂಪು ಹೀರಬೇಕು, ಆಮೇಲೆ ಶುಂಠಿ ಎಳೆ ಮತ್ತು ಕಪ್ಪು ವಿನೆಗರ್ ಜೊತೆ ಉಳಿದದ್ದನ್ನು ತಿನ್ನಬೇಕು. ಇದನ್ನೆಲ್ಲ ನಮಗೆ ಹೇಳಿಕೊಟ್ಟಿದ್ದು ಗೆಳೆಯನ ಮಗ. ಹೇಳಿದ್ದು ಮಾತ್ರ. ಅವನು ಒಂದನ್ನು ಚಮಚದಲ್ಲಿಟ್ಟುಕೊಂಡು ಮಡಿಕೆ ಎಣಿಸುತ್ತಿದ್ದ. ತೈಪೆಯ ದಿನ್ ತಾಯ್ ಫಂಗ್ ಅನ್ನುವ ಹೋಟೆಲಿನಲ್ಲಿ ಒಂದಕ್ಕೆ ಸರಿಯಾಗಿ 18 ಮಡಿಕೆ ಅಂತ ಎಲ್ಲೋ ನೋಡಿದ್ದನಂತೆ. 1958ರಲ್ಲಿ ಅಡುಗೆ ಎಣ್ಣೆ ಅಂಗಡಿಯಾಗಿ ಶುರುವಾಗಿ, ಡಬ್ಬಿ ಎಣ್ಣೆ ಬಂದು ವ್ಯಾಪಾರ ಬಿದ್ದುಹೋದ ಮೇಲೆ 1972ರಲ್ಲಿ ಡಂಪ್ಲಿಂಗ್ ಕಡೆ ತಿರುಗಿದವರು ಅವರು. ಈಗ ಊರೂರಲ್ಲಿದ್ದಾರೆ. ಹುಡುಗನ ಎಣಿಕೆ ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಅವನದು ತಣ್ಣಗಾಗಿ ಹೋಗಿತ್ತು.

ಗೆಳೆಯನಿಗೆ ಎಂಬತ್ತರ ಚಿಂತೆ. ಆವಿ ಬಿಡುವುದು, ಹೀರುವುದು, ಇದಕ್ಕೆಲ್ಲ ಪುರುಸೊತ್ತಿಲ್ಲ ಅಂತ ಚಮಚ ಪಕ್ಕಕ್ಕಿಟ್ಟು, ಕಡ್ಡಿಯಲ್ಲೇ ಎತ್ತಿ ಮಧ್ಯಕ್ಕೆ ಕಚ್ಚಿದ. ಸೂಪು ಪಿಚಕ್ ಅಂತ ಹಾರಿತು. ಅವನ ಅಂಗಿಗೆ ಒಂದು ಹನಿಯೂ ಬೀಳಲಿಲ್ಲ. ನೆಟ್ಟಗೆ ಟೇಬಲ್ ದಾಟಿ, ಅಡ್ಡ ಇಟ್ಟಿದ್ದ ಕೈಯ ಮೇಲಿಂದ ಹೋಗಿ, ಆ ಹೋಟೆಲಿನಲ್ಲಿ ಹಂದಿ ಸೋಕದೆ ಉಳಿದಿದ್ದ ಒಂದೇ ಒಂದು ತಟ್ಟೆಗೆ ಬಿತ್ತು.

ಹೆಂಡತಿ ಏನೂ ಅನ್ನಲಿಲ್ಲ. ಸೌತೆಕಾಯಿ ತಟ್ಟೆಯನ್ನು ಅವನ ಕಡೆ ತಳ್ಳಿ, ಇನ್ನೊಂದು ತರಿಸಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಂದಳು.

ಇಷ್ಟರಲ್ಲೂ ಅಂಕಲ್ ಮಾತ್ರ ಬೇರೆ ಲೋಕದಲ್ಲಿದ್ದರು. ಮೊದಲು ವಿನೆಗರನ್ನು ಬೆರಳಿಗೆ ಸೋಕಿಸಿ ನಾಲಿಗೆಗೆ ಹಚ್ಚಿ, "ಇದು ನಮ್ಮ ಕಾಚಂಪುಳಿಯ ದೂರದ ನೆಂಟ" ಅಂದರು. ವಿನೆಗರ್ ಅಕ್ಕಿಯಿಂದ ಬರುತ್ತದೆ, ಕೊಡಗಿನ ಕಾಚಂಪುಳಿ ಹಣ್ಣಿನ ರಸ ಇಂಗಿಸಿ ಮಾಡುವುದು, ಆದರೂ ಹಂದಿಗೆ ಕಪ್ಪು ಹುಳಿಯೇ ಸರಿ ಅಂತ ಎರಡು ಊರಿನವರಿಗೂ ಹೊಳೆದಿದೆ. ಆಮೇಲೆ ಅವರಿಗೆ ಒಂದೇ ಪ್ರಶ್ನೆ, ಮುಚ್ಚಿದ ಹಿಟ್ಟಿನೊಳಗೆ ಸೂಪು ಹೋಗಿದ್ದು ಹೇಗೆ? ಸಿರಿಂಜಿನಲ್ಲಿ ಚುಚ್ಚುತ್ತಾರೆ ಅಂದ ಮೊಮ್ಮಗ. ಮಾಂಸವೇ ನೀರು ಬಿಡುತ್ತದೆ ಅಂದೆ ನಾನು. ಅಂಕಲ್ ಬುಟ್ಟಿಗೆ ಸೋರಿದ್ದ ಸೂಪನ್ನು ಎರಡು ಬೆರಳ ಮಧ್ಯೆ ಉಜ್ಜಿದರು. ಅಂಟಂಟು.

"ಚರ್ಮ," ಅಂದರು. "ಹಂದಿ ಚರ್ಮ ಬೇಯಿಸಿದ ನೀರು. ಚರ್ಮ ಇಟ್ಟು ಮಾಡಿದ ಪಂದಿಕರಿ ಫ್ರಿಜ್ಜಲ್ಲಿಟ್ರೆ ಬೆಳಗ್ಗೆ ಗಟ್ಟಿ ಆಗಿರ್ತದಲ್ಲ? ಅದನ್ನೇ ಕೊಚ್ಚಿ ಒಳಗೆ ಹಾಕಿದಾರೆ. ಹಬೆಗೆ ಕರಗ್ತದೆ, ಅಷ್ಟೇ."

ಮೊಮ್ಮಗ ಫೋನ್ ನೋಡಿದ. ಅಕ್ಷರಕ್ಷರ ನಿಜ. ಶಾಂಘೈ ಹೊರವಲಯದ ನಾನ್‌ಶಿಯಾಂಗ್‌ನಲ್ಲಿ 1870ರ ದಶಕದಲ್ಲಿ ಇದನ್ನು ಶುರುಮಾಡಿದರು ಅನ್ನುತ್ತಾರೆ. ಅಲ್ಲಿಂದ ಇಲ್ಲಿಯವರೆಗೆ ಗುಟ್ಟು ಅದೇ, ಚರ್ಮದ ಸಾರು ತಣಿಸಿ ಗಟ್ಟಿ ಮಾಡಿ ಮಾಂಸಕ್ಕೆ ಬೆರೆಸುವುದು. ಅಂಕಲ್ ಗೆದ್ದ ಖುಷಿಗೆ ಇನ್ನೊಂದು ಬುಟ್ಟಿ ಖಾಲಿ ಮಾಡಿದರು.

ಅಷ್ಟಾದರೂ ಮೂರು ಬುಟ್ಟಿ ಉಳಿಯಿತು. ಡಬ್ಬಿಗೆ ತುಂಬಿಸಿಕೊಂಡು ಗೆಳೆಯನ ಮನೆಗೆ ಕಳಿಸಿದೆವು. ಮಾರನೇ ದಿನ ಬೆಳಗ್ಗೆ ಅವನ ಫೋನು. ಅಂಕಲ್ ಒಂದನ್ನು ಚಾಕುವಿನಲ್ಲಿ ಸೀಳಿ, ಒಳಗೆ ಮತ್ತೆ ಗಟ್ಟಿಯಾಗಿದ್ದ ಸೂಪನ್ನು ಮನೆಯವರಿಗೆಲ್ಲ ತೋರಿಸಿ ಆಯಿತಂತೆ. ಈಗ ಬಿಸಿ ಮಾಡಬೇಕು. ಮೈಕ್ರೋವೇವ್‌ನಲ್ಲಿ ಇಟ್ಟರೆ ಅಂಚು ಚಪ್ಪಲಿಯಾಗುತ್ತದೆ, ಹಬೆಯೇ ಆಗಬೇಕು ಅಂತ ಅಂಕಲ್ ಹಟ ಹಿಡಿದಿದ್ದಾರೆ. "ನಿಮ್ಮನೇಲಿ ಇಡ್ಲಿ ಪಾತ್ರೆ ಇದೆಯಲ್ಲ, ಒಂದ್ಸಲ ಕೊಡ್ತೀಯಾ?"

ಸ್ಪೀಕರ್ ಆನ್ ಇತ್ತು. ಹೆಂಡತಿ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು.

"ಕೊಡಿ. ವಾಪಸ್ ಬೇಡ ಅಂತ ಹೇಳಿ."