ರ‍್ಯಾಂಪ್ ಇದ್ದರಷ್ಟೇ ಪೆಂಡಾಲ್‌ಗೆ ಅನುಮತಿ: ಈ ನಿಯಮ ಬೇಕೇ?

ಪರ
(ವೀಲ್‌ಚೇರ್ ಬಳಸುವ ಬಿ.ಕಾಂ. ವಿದ್ಯಾರ್ಥಿನಿ, ಬೆಂಗಳೂರಿನ ವಿಜಯನಗರ)

ಬೇಕು, ಖಂಡಿತ ಬೇಕು. ಗಣೇಶೋತ್ಸವ, ರಾಜ್ಯೋತ್ಸವ, ಅಣ್ಣಮ್ಮನ ಉತ್ಸವ, ಯಾವುದೇ ಇರಲಿ, ನನ್ನ ವಯಸ್ಸಿನವರೆಲ್ಲ ವೇದಿಕೆ ಹತ್ತಿರ ಇರುತ್ತಾರೆ. ನಾನು ಗೇಟಿನ ಹತ್ತಿರ.

ಕಳೆದ ನವೆಂಬರಿನಲ್ಲಿ ಭಾವಗೀತೆ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಬೈಕ್ ನುಗ್ಗದಿರಲಿ ಅಂತ ಮೈದಾನದ ಬಾಗಿಲಿಗೆ ಕಬ್ಬಿಣದ ಕಂಬ ನೆಟ್ಟಿದ್ದಾರೆ. ನನ್ನ ವೀಲ್‌ಚೇರ್ ಅದರ ನಡುವೆ ತೂರಲಿಲ್ಲ. "ಬಾಮ್ಮ, ಎತ್ತಿಬಿಡ್ತೀವಿ" ಅಂತ ನಾಲ್ಕು ಹುಡುಗರು ಬಂದರು. ಒಳ್ಳೆಯ ಹುಡುಗರೇ. ಆದರೆ ಗೊತ್ತಿಲ್ಲದ ಕೈಗಳು ಬೆನ್ನು, ತೊಡೆ ಹಿಡಿದು ಎತ್ತಿದರೆ ಹೇಗಿರುತ್ತದೆ ಅಂತ ಯಾವ ಹುಡುಗಿಯನ್ನಾದರೂ ಕೇಳಿ ನೋಡಿ. ವೇದಿಕೆಗೆ ಮತ್ತೆ ಆರು ಮೆಟ್ಟಿಲು. ಇನ್ನೊಮ್ಮೆ ಎತ್ತಬೇಡಿ ಅಂದೆ. ಕೆಳಗೇ ಹಾಡ್ತೀನಿ ಅಂದರೆ ಮೈಕಿನ ವೈರು ಅಲ್ಲಿಗೆ ಎಟುಕಲಿಲ್ಲ. ನಿರೂಪಕರು ಮುಂದಿನ ಹೆಸರು ಕೂಗಿದರು. ಮಧ್ಯಾಹ್ನದಿಂದ ನಾನು ನೀರು ಕೂಡ ಕುಡಿದಿರಲಿಲ್ಲ. ಅಲ್ಲಿ ನಿಲ್ಲಿಸುವ ಮೊಬೈಲ್ ಟಾಯ್ಲೆಟ್‌ಗೂ ಮೆಟ್ಟಿಲೇ ತಾನೆ!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ನಾವು ಓಡಾಡಲು ಆಗದಂಥ ನಕ್ಷೆಗೆ ಕಟ್ಟಡದ ಅನುಮತಿ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಮಾಡಲು ಕೊಟ್ಟಿದ್ದ 5 ವರ್ಷದ ಗಡುವು 2022ಕ್ಕೇ ಮುಗಿದಿದೆ. ಸಾಂಸ್ಕೃತಿಕ ಬದುಕಿನಲ್ಲಿ, ಮನರಂಜನೆಯಲ್ಲಿ ನಮಗೂ ಪಾಲಿದೆ ಅಂತ ಅದೇ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಕಟ್ಟಡಕ್ಕೆ ಇರುವ ನಿಯಮ ಪೆಂಡಾಲ್‌ಗೆ ಯಾಕೆ ಬೇಡ?

ನಮ್ಮ ಮೆಟ್ರೋ ನೋಡಿ. 2011ರಲ್ಲಿ ಶುರುವಾದಾಗಲೇ ಸ್ಟೇಷನ್‌ಗಳಲ್ಲಿ ಲಿಫ್ಟ್ ಇತ್ತು. ಅದರಿಂದಲೇ ಇವತ್ತು ನಾನು ಕಾಲೇಜಿಗೆ ಒಬ್ಬಳೇ ಹೋಗಿ ಬರುತ್ತೇನೆ. ಮೊದಲೇ ಕಡ್ಡಾಯ ಮಾಡಿದರೆ ಕೆಲಸ ಆಗುತ್ತದೆ. ಆಮೇಲೆ ನೋಡೋಣ ಅಂದಿದ್ದು ಯಾವತ್ತೂ ಆಗಿಲ್ಲ.

ಖರ್ಚು ಅಂತಾರೆ. ಬೀದಿಯುದ್ದ ಸೀರಿಯಲ್ ಸೆಟ್‌ಗೆ, ಆರ್ಕೆಸ್ಟ್ರಾಗೆ, ಆಳೆತ್ತರದ ಸ್ಪೀಕರ್‌ಗೆ ದುಡ್ಡಿರುತ್ತದೆ, ಒಂದು ಹಲಗೆಗೆ ಇರಲ್ವಾ? ವೇದಿಕೆ ತಗ್ಗಿಸಿ. ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಹಲಗೆ ಸಾಕು. ಎತ್ತಿಬಿಡ್ತೀವಿ ಅನ್ನುವುದನ್ನು ಮಾತ್ರ ಇನ್ನು ನಿಲ್ಲಿಸಿ.

ವಿರೋಧ
(ಯುವಕ ಸಂಘವೊಂದರ ಖಜಾಂಚಿ, ಶ್ರೀನಗರ)

ಈ ಕಡೆಯಿಂದ ಬರೆಯಲು ಕೇಳಿದರು, ಒಪ್ಪಿದೆ. ರ‍್ಯಾಂಪ್ ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ಅನುಮತಿಗೆ ಗಂಟು ಹಾಕಬೇಡಿ, ಅಷ್ಟೆ.

ಗಣೇಶ ಕೂರಿಸಲು ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ಅಂತ ಈಗಲೇ ಎಷ್ಟೋ ಒಪ್ಪಿಗೆ ಬೇಕು. ಇನ್ನೊಂದು ಕಾಗದ ಸೇರಿದರೆ ದೊಡ್ಡ ಸಂಘದವರು ಹೇಗೋ ಮಾಡಿಸಿಕೊಳ್ಳುತ್ತಾರೆ. ಮನೆ ಮನೆಗೆ ಹೋಗಿ ಚಂದಾ ಎತ್ತುವ ನಮ್ಮಂಥವರು ಕೈ ಬಿಡುತ್ತೇವೆ.

ಜಾಗವಾದರೂ ಎಲ್ಲಿದೆ? ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕು. ಮೂರು ಅಡಿ ವೇದಿಕೆಗೆ 36 ಅಡಿ ಆಯಿತು. ನಮ್ಮ ಅಡ್ಡರಸ್ತೆಯ ಅಗಲವೇ ಅಷ್ಟಿಲ್ಲ. ವೇದಿಕೆ ತಗ್ಗಿಸಿದರೆ ಹಿಂದೆ ಕೂತವರಿಗೆ ನಾಟಕ ಕಾಣುವುದಿಲ್ಲ. ಇವತ್ತು ರ‍್ಯಾಂಪ್ ಅಂದವರು ನಾಳೆ ಬೀದಿ ಬೀದಿಯ ಪೆಂಡಾಲ್‌ಗೂ ಲಿಫ್ಟ್ ಹಾಕಿ ಅಂತಾರೆ.

ನಮ್ಮ ಸಂಘದಲ್ಲೇ ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿಕೊಂಡು ನಡೆಯುವ ಹುಡುಗನೊಬ್ಬನಿದ್ದಾನೆ. ಲೈಟಿಂಗ್ ಪೂರ್ತಿ ಅವನದೇ. ಯಾವ ಬಲ್ಬಿನ ಸರ ಯಾವ ಕಂಬಕ್ಕೆ ಅಂತ ಅವನು ಹೇಳಿದ ಮೇಲೇ ನಾವು ಏಣಿ ಹತ್ತುವುದು. ಪಕ್ಕದ ಮನೆಯವನು, ಸುಮ್ನೆ ಒಂದು ಸಂಜೆ ಬಂದ, ಆಮೇಲೆ ಬಿಟ್ಟು ಹೋಗಲೇ ಇಲ್ಲ. ವೇದಿಕೆ ಹತ್ತುವಾಗ ಯಾರಾದರೂ ಕೈ ಕೊಡುತ್ತೇವೆ. ಅವನೇನೂ ಬೇಸರ ಮಾಡಿಕೊಂಡಿಲ್ಲ.

ಫುಟ್‌ಪಾತ್ ಸರಿಯಾಗದೆ ಪೆಂಡಾಲ್ ತನಕ ಬರುವುದೇ ಕಷ್ಟ. ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು. ಮೂರು ದಿನದ ಪೆಂಡಾಲ್ ಮೇಲೆ ಕಣ್ಣು ಹಾಕುವ ಮೊದಲು ಅದನ್ನು ನೋಡಬೇಕಲ್ವಾ? ಪಾಲಿಕೆಯವರು ವಾರ್ಡ್ ಕಚೇರಿಯಲ್ಲಿ ಒಂದೆರಡು ಮಡಚುವ ರ‍್ಯಾಂಪ್ ಇಟ್ಟು ಬಾಡಿಗೆ ಇಲ್ಲದೆ ಕೊಡಲಿ. ಶಾಮಿಯಾನದ ಗಾಡಿಯಲ್ಲೇ ತಂದು ಹಾಕುತ್ತೇವೆ.